ಮೋಟಾರ್ ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ: ಟಾರ್ಕ್ ಅಳೆದು ಮೋಟಾರ್ ಜೋಡಿಸುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮನೆಗಳಲ್ಲೂ ಕುಮಟಾ, ಹೊನ್ನಾವರ, ಕಾರವಾರದ ಗಾಣ, ಗಿರಣಿ, ಐಸ್ ಪುಡಿ ಮಾಡುವ ಯಂತ್ರಗಳಲ್ಲೂ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಸ್ವಿಚ್ ಹಾಕಿದರೆ ಮೋಟಾರ್ ಗುಂಯ್ ಎನ್ನುತ್ತದೆ, ಯಂತ್ರ ಅಲುಗುವುದಿಲ್ಲ. ರಿವೈಂಡಿಂಗ್ ಮಾಡಿಸಿದರೂ ಒಂದೇ ಮಳೆಗಾಲದಲ್ಲಿ ಮತ್ತೆ ಸುಡುತ್ತದೆ. ಆಮೇಲೆ 1 ಎಚ್‌ಪಿ ತೆಗೆದು 2 ಎಚ್‌ಪಿ ಕೂರಿಸುತ್ತಾರೆ, ಅದೂ ಏದುಸಿರು ಬಿಡುತ್ತದೆ.

ಎಚ್‌ಪಿ ನೋಡಿ ಮೋಟಾರ್ ಆರಿಸುವುದರಿಂದ ಹೀಗಾಗುತ್ತದೆ. ನಿಂತ ಯಂತ್ರವನ್ನು ಹೊರಡಿಸುವುದು ಟಾರ್ಕ್, ಅಂದರೆ ದಂಡವನ್ನು ತಿರುಗಿಸುವ ಬಲ. ಯಂತ್ರಕ್ಕೆ ಎಷ್ಟು ಟಾರ್ಕ್ ಬೇಕು, ಹೊರಡುವ ಕ್ಷಣದಲ್ಲಿ ಮೋಟಾರ್ ಎಷ್ಟು ಕೊಡುತ್ತದೆ ಎಂಬ ಎರಡು ಲೆಕ್ಕ ಕೈಯಲ್ಲಿದ್ದರೆ ಹೊಸ ಮೋಟಾರ್ ಬೇಕೋ, ಪುಲ್ಲಿ ಬದಲಿಸಬೇಕೋ, ವೈರ್ ಎಳೆಯಬೇಕೋ ಎಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಮೊದಲೇ ಪುಲ್ಲಿ ಬಿಚ್ಚಲು ಹೋದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗದೆ ಹಣ ಹೋಗುತ್ತದೆ.

ಬೇಕಾಗುವ ಸಾಮಾನು

ವೈರನ್ನು ಕಚ್ಚಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಒಂದು. ಕೊಳ್ಳುವಾಗ ಕನಿಷ್ಠ-ಗರಿಷ್ಠ ಮೌಲ್ಯ ಹಿಡಿದಿಡುವ ಬಟನ್ ಇರುವುದನ್ನೇ ನೋಡಿ. ಮೋಟಾರ್ ಹೊರಡುವ ಒಂದೆರಡು ಸೆಕೆಂಡಿನಲ್ಲಿ ವೋಲ್ಟೇಜ್ ಎಷ್ಟು ಕುಸಿಯಿತು ಎಂಬುದೇ ಇಲ್ಲಿ ಮುಖ್ಯ, ಅದನ್ನು ಕಣ್ಣಲ್ಲಿ ಹಿಡಿಯಲಾಗುವುದಿಲ್ಲ. ಕೆಪಾಸಿಟರ್, ಅಂದರೆ ಸಿಂಗಲ್ ಫೇಸ್ ಮೋಟಾರ್ ಹೊರಡಲು ನೆರವಾಗುವ, ಕರೆಂಟ್ ಹಿಡಿದಿಡುವ ಡಬ್ಬಿ, ಅದನ್ನು ಅಳೆಯುವ ಸೌಲಭ್ಯವೂ ಮೀಟರಿನಲ್ಲೇ ಇದ್ದರೆ ಅನುಕೂಲ.

50 ಕೆಜಿವರೆಗೆ ತೂಗುವ ಕೊಕ್ಕೆ ತಕ್ಕಡಿ ಬೇಕು, ಮೀನು ಪೇಟೆಯಲ್ಲಿ ಬಳಸುವಂಥದ್ದೇ ಸಾಕು. ಜೊತೆಗೆ ಪುಲ್ಲಿಯ ಅಂಚಿನ ತೋಡಿನಲ್ಲಿ ಕೂರುವಷ್ಟು ದಪ್ಪದ, ಹಿಗ್ಗದ ಹಗ್ಗ ಎರಡು ಮೀಟರ್, ಅಳತೆ ಟೇಪು, ಮತ್ತು ಕೆಪಾಸಿಟರ್ ಖಾಲಿ ಮಾಡಲು ವೈರ್ ಜೋಡಿಸಿದ ಹಳೇ 60 ವ್ಯಾಟ್ ಫಿಲಮೆಂಟ್ ಬಲ್ಬ್. ಮೋಟಾರಿನ ನಿರೋಧನ (ಇನ್ಸುಲೇಶನ್) ನೋಡುವ 500 ವೋಲ್ಟಿನ ಮೆಗ್ಗರ್ ಹೆಚ್ಚಿನವರ ಬಳಿ ಇರುವುದಿಲ್ಲ, ರಿವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ.

ಹಂತ 1: ಬೆಲ್ಟ್ ತೆಗೆದು ತಪ್ಪು ಯಾವ ಕಡೆ ಎಂದು ನೋಡಿ

ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕೆಪಾಸಿಟರಿನ ಎರಡು ತುದಿಗೆ ಬಲ್ಬ್ ತಾಗಿಸಿ ಕೆಲವು ಸೆಕೆಂಡ್ ಹಿಡಿಯಿರಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಅಭ್ಯಾಸ ಕೆಪಾಸಿಟರನ್ನೂ ಹಾಳು ಮಾಡುತ್ತದೆ, ಕೈಯನ್ನೂ ಸುಡುತ್ತದೆ.

ಬೆಲ್ಟ್ ತೆಗೆದು ಮೋಟಾರಿನ ದಂಡವನ್ನು ಕೈಯಲ್ಲಿ ತಿರುಗಿಸಿ. ತಡೆಯಿಲ್ಲದೆ ತಿರುಗಬೇಕು, ಕರಕರ ಅನ್ನಬಾರದು. ಬಿಗಿಯಾಗಿದ್ದರೆ ಬೇರಿಂಗ್ ಹೋಗಿದೆ, ಅದನ್ನು ಬದಲಿಸುವವರೆಗೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ.

ಈಗ ಬೆಲ್ಟ್ ಇಲ್ಲದೆ ಚಾಲೂ ಮಾಡಿ. ಥಟ್ಟನೆ ವೇಗ ಹಿಡಿದರೆ ಮೋಟಾರ್ ಬಹುಮಟ್ಟಿಗೆ ಸರಿಯಿದೆ. ತೊಂದರೆ ಹೊರೆಯಲ್ಲೋ, ಪುಲ್ಲಿಯಲ್ಲೋ, ವೋಲ್ಟೇಜಿನಲ್ಲೋ ಇದೆ, 2ನೇ ಹಂತಕ್ಕೆ ಹೋಗಿ. ಹೊರೆಯಿಲ್ಲದೆಯೂ ಗುಂಯ್‌ಗುಟ್ಟಿ ನಿಂತರೆ ಐದು ಸೆಕೆಂಡಿನೊಳಗೆ ಆಫ್ ಮಾಡಿ. ನಿಂತ ಮೋಟಾರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಗಾಳಿ ಬೀಸುವ ಫ್ಯಾನೂ ತಿರುಗುವುದಿಲ್ಲ, ವೈಂಡಿಂಗ್ ಬಹಳ ಬೇಗ ಬೇಯುತ್ತದೆ.

ಸಿಂಗಲ್ ಫೇಸ್ ಮೋಟಾರಿಗೆ ಇನ್ನೊಂದು ಪರೀಕ್ಷೆ ಇದೆ. ಬೆಲ್ಟ್ ಇಲ್ಲದ ಪುಲ್ಲಿಗೆ ದಾರ ಸುತ್ತಿ ಎಳೆದು ತಿರುಗಿಸಿ, ದಾರ ಪೂರ್ತಿ ಕಳಚಿದ ಮೇಲೆ, ದಂಡ ಇನ್ನೂ ತಿರುಗುತ್ತಿರುವಾಗ ಸ್ವಿಚ್ ಹಾಕಿ. ಯಾವ ದಿಕ್ಕಿಗೆ ತಿರುಗಿಸಿದರೂ ಆ ದಿಕ್ಕಿನಲ್ಲೇ ಓಡತೊಡಗಿದರೆ ಮುಖ್ಯ ವೈಂಡಿಂಗಿಗೆ ಕರೆಂಟ್ ಬರುತ್ತಿದೆ, ಸ್ಟಾರ್ಟಿಂಗ್ ಭಾಗ ಸತ್ತಿದೆ. ಅಂದರೆ ಹೊರಡುವಾಗ ಮಾತ್ರ ಕೆಲಸ ಮಾಡುವ ಸ್ಟಾರ್ಟ್ ಕೆಪಾಸಿಟರ್, ವೇಗ ಏರಿದಾಗ ತಾನೇ ಅದನ್ನು ಕಳಚುವ ಸೆಂಟ್ರಿಫ್ಯೂಗಲ್ ಸ್ವಿಚ್ ಅಥವಾ ಸ್ಟಾರ್ಟಿಂಗ್ ವೈಂಡಿಂಗ್. ಕರಾವಳಿಯ ಉಪ್ಪುಗಾಳಿಗೆ ಈ ಸ್ವಿಚ್ಚಿನ ಕಾಂಟ್ಯಾಕ್ಟುಗಳೇ ಮೊದಲು ಕಿಲುಬು ಹಿಡಿಯುತ್ತವೆ, ಕೆಪಾಸಿಟರ್ ಬದಲಿಸುವ ಮುಂಚೆ ಅವನ್ನು ನೋಡಿ.

ಕೆಪಾಸಿಟರ್ ಬದಲಿಸುವಾಗ ಹಳೆಯದರ ಮೇಲಿರುವ ಮೈಕ್ರೋಫ್ಯಾರಡ್ ಮತ್ತು ವೋಲ್ಟೇಜನ್ನೇ ಹಾಕಿ. ಸ್ಟಾರ್ಟ್ ಕೆಪಾಸಿಟರಿನ ಜಾಗಕ್ಕೆ ರನ್ ಕೆಪಾಸಿಟರ್ (ಓಡುವಾಗಲೂ ಜೋಡಿಸಿರುವಂಥದ್ದು) ಹಾಕಿದರೆ ಟಾರ್ಕ್ ಬರುವುದಿಲ್ಲ. ರನ್ ಕೆಪಾಸಿಟರಿನ ಜಾಗಕ್ಕೆ ಸ್ಟಾರ್ಟ್ ಕೆಪಾಸಿಟರ್ ಹಾಕಿದರೆ ಅದು ಸಿಡಿಯುತ್ತದೆ.

ತ್ರೀ ಫೇಸ್ ಮೋಟಾರ್ ಹೊರೆಯಿಲ್ಲದೆಯೂ ಹೊರಡದಿದ್ದರೆ ಮೂರೂ ಫೇಸ್ ಟರ್ಮಿನಲ್‌ವರೆಗೆ ಬರುತ್ತಿವೆಯೇ ನೋಡಿ. ಎರಡೇ ಫೇಸಿನಲ್ಲಿ ನಿಂತ ಮೋಟಾರಿಗೆ ಹೊರಡುವ ಟಾರ್ಕ್ ಇರುವುದೇ ಇಲ್ಲ.

ಹಂತ 2: ಯಂತ್ರ ಕೇಳುವ ಟಾರ್ಕ್ ಅಳೆಯಿರಿ

ಹೆಚ್ಚಿನವರು ಬಿಡುವ ಹಂತ ಇದು. ಖರ್ಚಿಲ್ಲ, ಕಾಲು ಗಂಟೆಯ ಕೆಲಸ.

ಬೆಲ್ಟ್ ತೆಗೆದೇ ಇರಲಿ. ಯಂತ್ರದ ದೊಡ್ಡ ಪುಲ್ಲಿಯ ತೋಡಿಗೆ ಹಗ್ಗವನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ, ಒಳತುದಿ ಜಾರದಂತೆ ಕಟ್ಟಿ, ಹೊರತುದಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ. ಹಗ್ಗ ಪುಲ್ಲಿಯ ಅಂಚಿನಿಂದ ನೇರವಾಗಿ ಹೊರಡುವಂತೆ, ಯಂತ್ರ ತಿರುಗಬೇಕಾದ ದಿಕ್ಕಿನಲ್ಲೇ, ನಿಧಾನಕ್ಕೆ ಎಳೆಯಿರಿ. ಜಗ್ಗಬೇಡಿ. ಪುಲ್ಲಿ ಮೊದಲು ಕದಲುವ ಕ್ಷಣದಲ್ಲಿ ತಕ್ಕಡಿ ತೋರಿಸಿದ ಗರಿಷ್ಠ ತೂಕ ಬರೆದುಕೊಳ್ಳಿ. ಪುಲ್ಲಿಯನ್ನು ಬೇರೆ ಬೇರೆ ಸ್ಥಾನಕ್ಕೆ ತಂದು ಕನಿಷ್ಠ ಮೂರು ಸಲ ಅಳೆದು, ಅವುಗಳಲ್ಲಿ ದೊಡ್ಡದನ್ನು ಹಿಡಿಯಿರಿ. ಸರಾಸರಿ ಬೇಡ, ಮೋಟಾರ್ ಸಿಕ್ಕಿಬೀಳುವುದು ಅತಿ ಬಿಗಿಯಾದ ಜಾಗದಲ್ಲಿ.

ಲೆಕ್ಕ ಹೀಗೆ:

ಟಾರ್ಕ್ (ನ್ಯೂಟನ್-ಮೀಟರ್) = ಕೆಜಿ × 9.81 × ಪುಲ್ಲಿಯ ತ್ರಿಜ್ಯ (ಮೀಟರ್)

ಉದಾಹರಣೆಗೆ ಅಡಿಕೆ ಸುಲಿಯುವ ಯಂತ್ರದ ಪುಲ್ಲಿ 12 ಇಂಚು, ತಕ್ಕಡಿ ತೋರಿಸಿದ್ದು 20 ಕೆಜಿ ಎನ್ನಿ. ತ್ರಿಜ್ಯ 6 ಇಂಚು, ಅಂದರೆ ಸುಮಾರು 0.15 ಮೀಟರ್. 20 × 9.81 × 0.15 = 29.4 ನ್ಯೂಟನ್-ಮೀಟರ್. ಇದೇ ಯಂತ್ರವನ್ನು ಹಿಡಿದು ಕೊನೆವರೆಗೆ ಲೆಕ್ಕ ಮಾಡೋಣ. ನಿಮ್ಮ ಯಂತ್ರದ ಸಂಖ್ಯೆ ಬೇರೆಯೇ ಬರುತ್ತದೆ, ಅಳೆಯದೆ ಇದನ್ನೇ ನಕಲು ಮಾಡಬೇಡಿ.

ಯಂತ್ರ ಖಾಲಿಯಿದ್ದಾಗ ಒಮ್ಮೆ, ನೀವು ನಿಜವಾಗಿ ಚಾಲೂ ಮಾಡುವ ಸ್ಥಿತಿಯಲ್ಲಿ ಇನ್ನೊಮ್ಮೆ ಅಳೆಯಿರಿ. ಹಸಿ ಅಡಿಕೆಯ ಹೊರೆ ಬೇರೆ, ಒಣಗಿದ ಚಾಲಿಯದು ಬೇರೆ, ಎರಡನ್ನೂ ಸುಲಿಯುವವರು ಎರಡನ್ನೂ ಹಾಕಿ ನೋಡಬೇಕು. ನಡುವೆ ಕರೆಂಟ್ ಹೋಗಿ ಅಡಿಕೆ ಒಳಗೇ ಸಿಕ್ಕಿಕೊಂಡಿರುವಾಗ ಹೊರಡಿಸಲು ಬೇಕಾಗುವ ಬಲ ಖಾಲಿ ಯಂತ್ರಕ್ಕೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು. ಆ ಸ್ಥಿತಿಗೆ ತಕ್ಕ ಮೋಟಾರ್ ಹುಡುಕುವ ಬದಲು ಒಳಗಿರುವುದನ್ನು ತೆಗೆದು ಚಾಲೂ ಮಾಡುವುದೇ ಸರಿ. ಐಸ್ ಪುಡಿ ಮಾಡುವ ಯಂತ್ರಕ್ಕೂ ಇದೇ ಮಾತು: ಹಲ್ಲುಗಳ ನಡುವೆ ಗಡ್ಡೆ ಇಟ್ಟುಕೊಂಡು ಸ್ವಿಚ್ ಹಾಕಬಾರದು, ವೇಗ ಹಿಡಿದ ಮೇಲೆ ಐಸ್ ಹಾಕಬೇಕು.

ಒಂದು ಅಳತೆಗೂ ಇನ್ನೊಂದಕ್ಕೂ ಭಾರಿ ವ್ಯತ್ಯಾಸ ಬಂದರೆ ಯಂತ್ರದ ಬೇರಿಂಗ್, ಬಾಗಿದ ದಂಡ, ಗೋಡೆಗೆ ಉಜ್ಜುವ ರೋಲರ್ ನೋಡಿ. ಗ್ರೀಸ್ ಹಾಕಿ ಮತ್ತೆ ಅಳೆದಾಗ 20 ಕೆಜಿ 14ಕ್ಕೆ ಇಳಿದರೆ ಮೋಟಾರಿನ ತಂಟೆಗೆ ಹೋಗುವ ಅಗತ್ಯವೇ ಇಲ್ಲದಿರಬಹುದು.

ತೋಟದ ನೀರಿನ ಪಂಪಿಗೆ ಈ ಲೆಕ್ಕ ಬೇಕಿಲ್ಲ. ಸೆಂಟ್ರಿಫ್ಯೂಗಲ್ ಪಂಪ್ ಹೊರಡುವಾಗ ಕೇಳುವ ಟಾರ್ಕ್ ಬಹಳ ಕಡಿಮೆ, ವೇಗ ಏರಿದಂತೆ ವೇಗದ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ. ಮಳೆಗಾಲ ಪೂರ್ತಿ ನಿಂತು, ಮಳೆ ಕಳೆದ ಮೇಲೆ ಮೊದಲ ಸಲ ಹಾಕಿದಾಗ ಅದು ಗುಂಯ್‌ಗುಟ್ಟಿದರೆ ಇಂಪೆಲ್ಲರ್ (ಒಳಗಿನ ನೀರು ತಳ್ಳುವ ಚಕ್ರ) ತುಕ್ಕು ಹಿಡಿದು ಅಂಟಿದೆ ಎಂದೇ ಮೊದಲು ಅನುಮಾನಿಸಿ. ಫ್ಯೂಸ್ ತೆಗೆದು ಕೈಯಲ್ಲಿ ಬಿಡಿಸಿ.

ಹಂತ 3: ಮೋಟಾರಿನ ಫಲಕ ಓದಿ

ಫಲಕದಲ್ಲಿ ಎಚ್‌ಪಿ ಅಥವಾ ಕಿಲೋವ್ಯಾಟ್, ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಆಂಪಿಯರ್ ಮೂರನ್ನೂ ಬರೆದುಕೊಳ್ಳಿ. 1 ಎಚ್‌ಪಿ ಅಂದರೆ 0.746 ಕಿಲೋವ್ಯಾಟ್.

ಪೂರ್ಣ ಹೊರೆಯ ಟಾರ್ಕ್ = 9550 × ಕಿಲೋವ್ಯಾಟ್ ÷ ಆರ್‌ಪಿಎಂ

1 ಎಚ್‌ಪಿ, 1440 ಆರ್‌ಪಿಎಂ ಮೋಟಾರಿಗೆ ಇದು 4.95 ನ್ಯೂಟನ್-ಮೀಟರ್. ಅದೇ 1 ಎಚ್‌ಪಿ, 2880 ಆರ್‌ಪಿಎಂ ಆದರೆ ಬರೀ 2.5. ವೇಗ ಇಮ್ಮಡಿಯಾದರೆ ಟಾರ್ಕ್ ಅರ್ಧ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಎರಡು ಪೋಲಿನ (ಕಾಂತಧ್ರುವದ) ಮೋಟಾರ್ 3000ಕ್ಕಿಂತ ಸ್ವಲ್ಪ ಕಡಿಮೆ, ನಾಲ್ಕು ಪೋಲಿನದು 1500ಕ್ಕಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಓಡುತ್ತದೆ.

ಅಂಗಡಿಯಲ್ಲಿ "ಅದೇ 1 ಎಚ್‌ಪಿ, ಸ್ವಲ್ಪ ಅಗ್ಗ" ಎಂದು 2880ರ ಮೋಟಾರ್ ತಂದು ಹಳೇ ಪುಲ್ಲಿಗೇ ಜೋಡಿಸಿದರೆ ಯಂತ್ರ ಇಮ್ಮಡಿ ವೇಗದಲ್ಲಿ ತಿರುಗಬೇಕು, ಅದಕ್ಕೆ ಸಿಗುವ ಬಲ ಅರ್ಧ. ಹೊರಟರೂ ಅಪಾಯ: ಆ ವೇಗಕ್ಕೆ ಯಂತ್ರದ ಚಕ್ರ ತಯಾರಾಗಿರುವುದಿಲ್ಲ.

ಹೊರಡುವ ಟಾರ್ಕ್ ಪೂರ್ಣ ಹೊರೆಯ ಟಾರ್ಕಿನ ಎಷ್ಟು ಪಟ್ಟು ಎಂಬುದು ಮೋಟಾರಿನ ಜಾತಿಯ ಮೇಲೆ ನಿಂತಿದೆ. ಕೆಪಾಸಿಟರ್ ಸ್ಟಾರ್ಟ್ ಮೋಟಾರಿಗೆ ಸಾಮಾನ್ಯವಾಗಿ ಎರಡು ಪಟ್ಟು ಅಥವಾ ಹೆಚ್ಚು. ಒಂದೇ ರನ್ ಕೆಪಾಸಿಟರ್ ಸದಾ ಜೋಡಿಸಿರುವ ಮೋಟಾರಿಗೆ, ಅಂದರೆ ಫ್ಯಾನ್, ಸಣ್ಣ ಪಂಪುಗಳ ಜಾತಿಗೆ, ಬಹುಪಾಲು ಪೂರ್ಣ ಟಾರ್ಕಿಗಿಂತ ಕಡಿಮೆ. ಪಂಪಿನಿಂದ ಕಳಚಿದ ಮೋಟಾರನ್ನು ಸುಲಿಯುವ ಯಂತ್ರಕ್ಕೋ ಹುಲ್ಲು ಕತ್ತರಿಸುವ ಯಂತ್ರಕ್ಕೋ ಕಟ್ಟಿ ಸೋಲುವುದು ಇದರಿಂದ.

ತ್ರೀ ಫೇಸ್ ಮೋಟಾರ್ ನೇರವಾಗಿ ಹೊರಟರೆ ಒಳ್ಳೆಯ ಟಾರ್ಕ್ ಕೊಡುತ್ತದೆ. ಮೊದಲು ಕಡಿಮೆ ವೋಲ್ಟೇಜಿನ ಸ್ಟಾರ್ ಜೋಡಣೆಯಲ್ಲಿ ಹೊರಡಿಸಿ ಆಮೇಲೆ ಡೆಲ್ಟಾಕ್ಕೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಹೊರಡುವ ಕರೆಂಟಿನ ಜೊತೆಗೆ ಹೊರಡುವ ಟಾರ್ಕೂ ಮೂರನೇ ಒಂದಕ್ಕೆ ಇಳಿಯುತ್ತದೆ. ಪಂಪಿಗೆ ಅದು ಸಾಕು. ಕೊಬ್ಬರಿ ತುಂಬಿದ ಗಾಣ ಸ್ಟಾರಿನಲ್ಲಿ ಅಲುಗದೆ ನಿಂತು, ಡೆಲ್ಟಾಕ್ಕೆ ಬದಲಾದಾಗ ಜರ್ಕ್ ಹೊಡೆಯುತ್ತದೆ.

ಹಂತ 4: ಪುಲ್ಲಿಯ ಲೆಕ್ಕ

ಮೋಟಾರಿನ ಪುಲ್ಲಿ 3 ಇಂಚು, ಯಂತ್ರದ್ದು 12 ಇಂಚು ಎಂದರೆ ಅನುಪಾತ 4. ಯಂತ್ರದ ವೇಗ 1440 ÷ 4 = 360 ಆರ್‌ಪಿಎಂ, ಮೋಟಾರ್ ಹೊರಬೇಕಾದ ಟಾರ್ಕ್ 29.4 ÷ 4 = 7.35. ಉದ್ದ ಹಿಡಿಕೆಯ ಪಾನದಲ್ಲಿ ಬಿಗಿ ನಟ್ ಸಡಿಲಿಸಿದಂತೆಯೇ ಇದು. ಬೆಲ್ಟಿನ ನಷ್ಟಕ್ಕೆ ಶೇ 10 ಸೇರಿಸಿ: ಸುಮಾರು 8.1 ನ್ಯೂಟನ್-ಮೀಟರ್. ಇದು ಕದಲಿಸಲು ಮಾತ್ರ. ತಡವರಿಸದೆ ವೇಗ ಹಿಡಿಯಲು ಇದರ ಮೇಲೆ ಇನ್ನೂ ಕಾಲು ಭಾಗ ಕೈಯಲ್ಲಿರಬೇಕು, ಅಂದರೆ 10ರ ಹತ್ತಿರ.

1 ಎಚ್‌ಪಿ ಕೆಪಾಸಿಟರ್ ಸ್ಟಾರ್ಟ್ ಮೋಟಾರ್ 230 ವೋಲ್ಟಿನಲ್ಲಿ ಎರಡು ಪಟ್ಟು ಎಂದರೆ 9.9 ಕೊಡುತ್ತದೆ. ಕಾಗದದ ಮೇಲೆ ಹೆಚ್ಚುಕಡಿಮೆ ಸರಿಹೋಯಿತು. ಆದರೆ ತೋಟದ ಕೊನೆಯ ಶೆಡ್ಡಿನಲ್ಲಿ 230 ವೋಲ್ಟ್ ಇರುವುದಿಲ್ಲ.

ಹಂತ 5: ಹೊರಡುವ ಕ್ಷಣದ ವೋಲ್ಟೇಜ್ ಅಳೆಯಿರಿ

ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. 230ರ ಬದಲು 184 ವೋಲ್ಟ್ ಸಿಕ್ಕರೆ ವೋಲ್ಟೇಜ್ ಶೇ 80, ಟಾರ್ಕ್ ಶೇ 64. 160ಕ್ಕೆ ಇಳಿದರೆ ಟಾರ್ಕ್ ಅರ್ಧಕ್ಕಿಂತ ಕಡಿಮೆ.

ಮೀಟರ್ ಬೋರ್ಡಿನಲ್ಲಿ ಅಳೆದು "220 ಇದೆ, ಸಾಕು" ಎನ್ನಬೇಡಿ. ಮೋಟಾರ್ ನಿಂತಿರುವಾಗ ಅದರ ಟರ್ಮಿನಲ್‌ನಲ್ಲಿ ಅಳೆದರೂ 220ನ್ನೇ ತೋರಿಸುತ್ತದೆ, ಕರೆಂಟ್ ಹರಿಯದ ವೈರಿನಲ್ಲಿ ವೋಲ್ಟೇಜ್ ಕುಸಿಯುವುದಿಲ್ಲ. ಫ್ಯೂಸ್ ತೆಗೆದು, ಮೀಟರಿನ ಕ್ಲಿಪ್ಪುಗಳನ್ನು ಮೋಟಾರಿನ ಟರ್ಮಿನಲ್‌ಗೆ ಕಚ್ಚಿಸಿ, ಕನಿಷ್ಠ ಮೌಲ್ಯ ಹಿಡಿಯುವ ಬಟನ್ ಒತ್ತಿ, ಬೆಲ್ಟ್ ಹಾಕಿ, ಆಮೇಲೆ ಕರೆಂಟ್ ಕೊಟ್ಟು ಚಾಲೂ ಮಾಡಿ. ಸ್ವಿಚ್ ಹಾಕುವಾಗ ಕೈ ಮೀಟರಿನಿಂದ ದೂರ ಇರಲಿ. ಬರಿಯ ಟರ್ಮಿನಲ್‌ನಲ್ಲಿ ಕೆಲಸ ಮಾಡಿ ರೂಢಿ ಇಲ್ಲದವರು ಈ ಹಂತವನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ನಮ್ಮ ಉದಾಹರಣೆಯಲ್ಲಿ ಮನೆಯಿಂದ ಶೆಡ್ಡಿಗೆ 100 ಮೀಟರ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್. ಈ ವೈರಿನ ರೋಧ ಕಿಲೋಮೀಟರಿಗೆ ಸುಮಾರು 7.4 ಓಮ್. ಕರೆಂಟ್ ಹೋಗಿ ಬರಬೇಕಾದ್ದರಿಂದ 200 ಮೀಟರ್ ಲೆಕ್ಕ, ಸುಮಾರು 1.5 ಓಮ್. ಪೂರ್ಣ ವೋಲ್ಟೇಜಿನಲ್ಲಿ ಹೊರಡುವಾಗ 30 ಆಂಪಿಯರ್ ಎಳೆಯುವ 1 ಎಚ್‌ಪಿ ಮೋಟಾರಿಗೆ, ಬೋರ್ಡಿನಲ್ಲಿ 220 ಇದ್ದರೂ ಟರ್ಮಿನಲ್‌ನಲ್ಲಿ ಸಿಗುವುದು ಸುಮಾರು 184. ಟಾರ್ಕ್ 9.9ರಿಂದ 6.3ಕ್ಕೆ ಇಳಿಯಿತು. ಬೇಕಾದದ್ದು 8.1. ಮೋಟಾರ್ ಗುಂಯ್‌ಗುಟ್ಟುತ್ತದೆ.

ಅದೇ ವೈರಿಗೆ 2 ಎಚ್‌ಪಿ ಹಾಕಿದರೆ ಅದು ಎರಡು ಪಟ್ಟು ಕರೆಂಟ್ ಎಳೆಯಲು ಹೋಗಿ ಟರ್ಮಿನಲ್ ವೋಲ್ಟೇಜನ್ನು 159ರ ಹತ್ತಿರಕ್ಕೆ ಇಳಿಸುತ್ತದೆ. 19.8 ಕೊಡಬೇಕಾದ ಮೋಟಾರಿನಿಂದ ಸಿಗುವುದು 9.5. ಇಮ್ಮಡಿ ಮೋಟಾರಿಗೆ ಹಣ ಕೊಟ್ಟು ಒಂದೂವರೆ ಪಟ್ಟು ಬಲ ಪಡೆದಂತಾಯಿತು. ಬೋರ್ಡಿನ ವೋಲ್ಟೇಜ್ ಇನ್ನೂ ಹತ್ತಿಪ್ಪತ್ತು ಇಳಿಯುವ ಸಂಜೆ ಇದೂ ಸೋಲುತ್ತದೆ.

ಸ್ಟೆಬಿಲೈಜರ್ ಇಲ್ಲಿ ಹೆಚ್ಚು ಸಹಾಯ ಮಾಡದು. ಬೋರ್ಡಿನ ಬಳಿ ಇಟ್ಟರೆ ಅದರ ಆಚೆಗಿನ ವೈರಿನಲ್ಲಿ ಆಗುವ ಕುಸಿತವನ್ನು ಅದು ಕಾಣುವುದೇ ಇಲ್ಲ. ಹೊರಡುವ ಕರೆಂಟನ್ನು ಹೊರಲಾಗದ ಸಣ್ಣ ಸ್ಟೆಬಿಲೈಜರ್ ತಾನೇ ಅಡ್ಡಿಯಾಗುತ್ತದೆ.

ಬೋರ್ಡಿನಲ್ಲೇ, ಮೋಟಾರ್ ನಿಂತಿರುವಾಗಲೇ 216ಕ್ಕಿಂತ ಕಡಿಮೆ ಇದ್ದರೆ ಅದು 230ರ ಮೇಲೆ-ಕೆಳಗೆ ಶೇ 6ರ ಮಿತಿಯಿಂದ ಹೊರಗೆ. ದಿನದ ಬೇರೆ ಬೇರೆ ಹೊತ್ತಿನ ಅಳತೆ ಬರೆದು ಹೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಡಿ. ಸಂಖ್ಯೆ ಬರೆದ ಅರ್ಜಿ ಇದ್ದರೆ ತೊಂದರೆ ಟ್ರಾನ್ಸ್‌ಫಾರ್ಮರಿನದೋ ಲೈನಿನದೋ ಎಂದು ಹುಡುಕುವುದು ಅವರಿಗೂ ಸುಲಭ.

ಹಂತ 6: ಪರಿಹಾರ ಆರಿಸಿ

ಮೊದಲು ವೈರ್. ಆ 100 ಮೀಟರಿಗೆ 6 ಚದರ ಮಿಲಿಮೀಟರ್ ತಾಮ್ರ ಎಳೆದರೆ ಟರ್ಮಿನಲ್‌ನಲ್ಲಿ 204ರ ಹತ್ತಿರ ಬರುತ್ತದೆ, 1 ಎಚ್‌ಪಿ ಮೋಟಾರ್ 7.8 ಕೊಡುತ್ತದೆ. 8.1 ಬೇಕಾದಲ್ಲಿ ಇದಿನ್ನೂ ಸಾಲದು.

ಎರಡನೆಯದು ಪುಲ್ಲಿ. ಯಂತ್ರದ ಪುಲ್ಲಿಯನ್ನು 15 ಇಂಚು ಮಾಡಿದರೆ ಅನುಪಾತ 5, ಮೋಟಾರಿನ ಮೇಲೆ ಬೀಳುವುದು 6.5. ದಪ್ಪ ವೈರಿನ ಜೊತೆ ಇದು ಸೇರಿದಾಗ 1 ಎಚ್‌ಪಿಯೇ ಯಂತ್ರವನ್ನು ಹೊರಡಿಸುತ್ತದೆ. ವೇಗ 360ರಿಂದ 288ಕ್ಕೆ ಇಳಿಯುತ್ತದೆ, ಯಂತ್ರ ತಯಾರಿಸಿದವರು ಹೇಳಿದ ವೇಗಕ್ಕಿಂತ ಅದು ಕೆಳಗಾಗಬಾರದು. ಸುಲಿಯುವ ಯಂತ್ರ ತೀರಾ ನಿಧಾನವಾದರೆ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ.

ಮೋಟಾರಿನ ಪುಲ್ಲಿಯನ್ನು ಚಿಕ್ಕದು ಮಾಡಿ ಅನುಪಾತ ಹೆಚ್ಚಿಸುವುದು ಅಗ್ಗ, ಆದರೆ ಎ ಸೆಕ್ಷನ್ ವಿ-ಬೆಲ್ಟಿಗೆ 3 ಇಂಚಿಗಿಂತ, ಬಿ ಸೆಕ್ಷನ್ನಿಗೆ 5 ಇಂಚಿಗಿಂತ ಚಿಕ್ಕ ಪುಲ್ಲಿ ಹಾಕಬೇಡಿ. ಬೆಲ್ಟ್ ಅತಿಯಾಗಿ ಬಾಗಿ ಬಿರಿಯುತ್ತದೆ, ಹಿಡಿತ ಸಾಲದೆ ಜಾರುತ್ತದೆ. ಜಾರುವ ಬೆಲ್ಟನ್ನು ಬಿಗಿದರೆ ಬೇರಿಂಗ್ ಹೋಗುತ್ತದೆ.

ವೇಗ ಇಳಿಸಲಾಗದ ಯಂತ್ರಕ್ಕೆ, ಅಥವಾ ಸದಾ ತುಂಬು ಹೊರೆಯಲ್ಲಿ ಓಡಬೇಕಾದ್ದಕ್ಕೆ 2 ಎಚ್‌ಪಿ ಸರಿಯೇ, ಜೊತೆಗೆ 6 ಚದರ ಮಿಲಿಮೀಟರ್ ವೈರ್ ಇರಬೇಕು. ಆಗ ಸುಮಾರು 13 ನ್ಯೂಟನ್-ಮೀಟರ್ ಸಿಗುತ್ತದೆ, 10 ಬೇಕಾದಲ್ಲಿ ನೆಮ್ಮದಿ. ನನ್ನ ಅಭಿಪ್ರಾಯದಲ್ಲಿ ಇದು ಕಡೆಯ ಆಯ್ಕೆ. ತೋಟದ ಶೆಡ್ಡಿಗೆ ಎಳೆದ ದಪ್ಪ ವೈರ್ ಮುಂದೆ ಬರುವ ಪ್ರತಿ ಯಂತ್ರಕ್ಕೂ ಉಪಯೋಗ, ಆ ಹಣ ಮೊದಲು ಅಲ್ಲಿಗೇ ಹೋಗಲಿ.

ಹಂತ 7: ಜೋಡಿಸಿದ ಮೇಲೆ ನೋಡಬೇಕಾದ ಲಕ್ಷಣ

ಚಾಲೂ ಮಾಡಿದಾಗ ಎರಡು ಮೂರು ಸೆಕೆಂಡಿನಲ್ಲಿ ಮೋಟಾರ್ ವೇಗ ಹಿಡಿದು, ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ 'ಟಕ್' ಎಂದು ಬಿಡಬೇಕು. ಪೂರ್ಣ ವೇಗದ ಸುಮಾರು ಮುಕ್ಕಾಲು ಭಾಗ ತಲುಪಿದಾಗ ಅದು ತೆರೆದು ಸ್ಟಾರ್ಟ್ ಕೆಪಾಸಿಟರನ್ನು ಕಳಚುತ್ತದೆ. ಟಾರ್ಕ್ ಸಾಲದೆ ಮೋಟಾರ್ ಆ ವೇಗವನ್ನೇ ಮುಟ್ಟದಿದ್ದರೆ ತಿರುಗುತ್ತಿದ್ದರೂ ಸ್ವಿಚ್ ತೆರೆಯುವುದಿಲ್ಲ, ಕೆಲವೇ ಸೆಕೆಂಡಿಗೆಂದು ಮಾಡಿದ ಕೆಪಾಸಿಟರ್ ಸಿಡಿದು ಸ್ಟಾರ್ಟಿಂಗ್ ವೈಂಡಿಂಗ್ ಕರಕಲಾಗುತ್ತದೆ. ಪದೇ ಪದೇ ಕೆಪಾಸಿಟರ್ ಹೋಗುವ ಕಡೆ ಕಂಪನಿ ಬದಲಿಸುತ್ತಾ ಹೋಗುವ ಮುನ್ನ ಈ 'ಟಕ್' ಕೇಳುತ್ತದೆಯೇ ಎಂದು ಕಿವಿಗೊಟ್ಟು ನೋಡಿ.

ಹೊರೆ ಹಾಕಿ ಹತ್ತು ನಿಮಿಷ ಓಡಿಸಿ ಕ್ಲಾಂಪ್ ಮೀಟರಿನಲ್ಲಿ ಕರೆಂಟ್ ಓದಿ. ಫಲಕದ ಆಂಪಿಯರ್ ದಾಟಬಾರದು. ಸಣ್ಣ ಸಿಂಗಲ್ ಫೇಸ್ ಮೋಟಾರುಗಳು ಹೊರೆಯಿಲ್ಲದೆಯೂ ಸಾಕಷ್ಟು ಕರೆಂಟ್ ಎಳೆಯುತ್ತವೆ. ಹಾಗಾಗಿ ಕರೆಂಟ್ ಅರ್ಧ ಇದೆ ಎಂದರೆ ಟಾರ್ಕ್ ಅರ್ಧ ಎಂದು ಲೆಕ್ಕ ಹಾಕಬೇಡಿ, ಮಿತಿ ಮೀರಿದೆಯೇ ಎಂದು ತಿಳಿಯಲು ಮಾತ್ರ ಈ ಅಳತೆ.

ದೀಪ ಮಂಕಾಗುವುದು, ಬೆಲ್ಟ್ ಕಿರುಚುವುದು, ಹೊರೆ ಬಿದ್ದಾಗ ಸ್ವಿಚ್ ಮತ್ತೆ ಮತ್ತೆ 'ಟಕ್ ಟಕ್' ಅನ್ನುವುದು, ವಾರ್ನಿಷ್ ಸುಟ್ಟ ವಾಸನೆ: ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣ ನಿಲ್ಲಿಸಿ. ಚಾಲೂ-ಬಂದ್ ಆಟ ಬೇಡ. ಸ್ಟಾರ್ಟ್ ಕೆಪಾಸಿಟರುಗಳು ಸಾಮಾನ್ಯವಾಗಿ ಗಂಟೆಗೆ 20 ಸಲ, ತಲಾ 3 ಸೆಕೆಂಡ್ ಹೊರಡುವ ಲೆಕ್ಕಕ್ಕೆ ಮಾಡಿದವು.

ಮಳೆಗಾಲ ಕಳೆದು ಮೊದಲ ಸಲ ಕರೆಂಟ್ ಕೊಡುವ ಮುಂಚೆ ಮೆಗ್ಗರಿನಲ್ಲಿ ವೈಂಡಿಂಗಿಗೂ ಬಾಡಿಗೂ ನಡುವಿನ ನಿರೋಧನ ನೋಡಿ. 1 ಮೆಗಾಓಮಿಗಿಂತ ಕಡಿಮೆ ಇದ್ದರೆ ಒಣಗಿಸದೆ ಚಾಲೂ ಮಾಡಬಾರದು. ಬಾಡಿಗೆ ಅರ್ಥಿಂಗ್ ಗಟ್ಟಿಯಾಗಿದೆಯೇ ಎಂದೂ ನೋಡಿ. ಕಾರವಾರ, ಅಂಕೋಲಾ, ಭಟ್ಕಳದ ಸಮುದ್ರದಂಚಿನವರು ಹೊಸ ಮೋಟಾರ್ ಕೊಳ್ಳುವಾಗ ಪೂರ್ತಿ ಮುಚ್ಚಿದ, ಐಪಿ 55 (ದೂಳು, ನೀರಿನಿಂದ ರಕ್ಷಣೆಯ ದರ್ಜೆ) ಎಂದು ಬರೆದದ್ದನ್ನೇ ಕೇಳಿ.

ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ, ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಫಲಕದ ಆಂಪಿಯರಿಗೆ ಸರಿಯಾಗಿ ಇಡಿ. ಅದು ಟ್ರಿಪ್ ಆಗುತ್ತಿದೆ ಎಂದು ಡಯಲ್ ಮೇಲೇರಿಸಿದರೆ ರಿಲೇ ಸುಮ್ಮನಾಗುತ್ತದೆ, ಮೋಟಾರ್ ಸುಡುತ್ತದೆ. ಟ್ರಿಪ್ ಆದಾಗ ಯಂತ್ರದ ಬೇರಿಂಗ್, ಟರ್ಮಿನಲ್ ವೋಲ್ಟೇಜ್, ಬೆಲ್ಟಿನ ಬಿಗಿ, ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ.